ತೀವ್ರ ಅಂಗವೈಕಲ್ಯವುಳ್ಳವರಿಗೆ ವೈಯಕ್ತಿಕ ಸೇವಾ ಯೋಜನೆ ರೂಪಿಸುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ರಾಜ್ಯ ಆಯುಕ್ತರು,
ವಿಕಲಚೇತನರ ಹಕ್ಕುಗಳ ಅಧಿನಿಯಮ, ಬೆಂಗಳೂರು.

ಮಾನ್ಯರೇ,

ನಾವು ತೀವ್ರ ಅಂಗವೈಕಲ್ಯವಿರುವ ಮಕ್ಕಳ ತಂದೆ ತಾಯಂದಿರು. ಸೌಲಭ್ಯಗಳೇ ಇಲ್ಲವೆಂಬುದು ನಮ್ಮ ದೂರಲ್ಲ. ಮಾಸಾಶನಕ್ಕೆ ನಾಡಕಚೇರಿ, ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸರ್ಕಾರಿ ಆಸ್ಪತ್ರೆ, ಗೃಹಾಧಾರಿತ ಶಿಕ್ಷಣಕ್ಕೆ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ನಿರಾಮಯ ಆರೋಗ್ಯ ವಿಮೆಗೆ ಮತ್ತೊಂದು ಕಡೆ. ಎಲ್ಲೆಡೆಯೂ ಅವೇ ಜೆರಾಕ್ಸ್ ಪ್ರತಿಗಳು, ಅವೇ ಪ್ರಶ್ನೆಗಳು. ಒಂದು ಕಚೇರಿ ಮಾಡಿದ್ದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಎಲ್ಲವೂ ಗೊತ್ತಿರುವುದು ತಾಯಿಗೆ ಮಾತ್ರ. ಆಕೆ ಹಾಸಿಗೆ ಹಿಡಿದರೆ ಮಗುವಿನ ಓಡಾಟವೆಲ್ಲ ನಿಲ್ಲುತ್ತದೆ.

ಸೆರೆಬ್ರಲ್ ಪಾಲ್ಸಿಯಿಂದಾಗಿ ಕತ್ತು ನಿಲ್ಲದ ಮಗುವಿಗೆ ಶಿಬಿರದಲ್ಲಿ ದೊಡ್ಡವರ ಗಾಲಿಕುರ್ಚಿ ಕೊಟ್ಟು ಕಳುಹಿಸಿದ್ದನ್ನು ಕಂಡಿದ್ದೇವೆ. ಅದರಲ್ಲಿ ಕೂರಿಸಿದರೆ ಮಗು ಒಂದೇ ಪಕ್ಕಕ್ಕೆ ವಾಲುತ್ತದೆ. ಹಾಗೇ ಬಿಟ್ಟರೆ ಬೆನ್ನುಮೂಳೆ ಸೊಟ್ಟಗಾಗುವ ಅಪಾಯವಿದೆ. ಬೇಕಿದ್ದುದು ತಲೆಗೂ ಸೊಂಟಕ್ಕೂ ಆಧಾರವಿರುವ, ಅಳತೆ ತೆಗೆದು ಮಾಡಿದ, ಮಗು ಬೆಳೆದಂತೆ ಬದಲಿಸಬಹುದಾದ ಕುರ್ಚಿ. ಮತ್ತೆ ಕೇಳಲು ಹೋದರೆ ‘ಸಲಕರಣೆ ವಿತರಿಸಲಾಗಿದೆ’ ಎಂಬ ದಾಖಲೆ ತೋರಿಸುತ್ತಾರೆ. ಆ ಗಾಲಿಕುರ್ಚಿ ಮನೆಯ ಮೂಲೆಯಲ್ಲಿದೆ, ಮಗು ನೆಲದ ಮೇಲಿದೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 38ನೇ ಕಲಂ, ಹೆಚ್ಚಿನ ಬೆಂಬಲ ಬೇಕಾದವರು, ಅಥವಾ ಅವರ ಪರವಾಗಿ ಬೇರೆಯವರು, ಅರ್ಜಿ ಸಲ್ಲಿಸಬಹುದೆಂದೂ ಮೌಲ್ಯಮಾಪನ ಮಂಡಳಿಯ ವರದಿಯಂತೆ ಬೆಂಬಲ ಒದಗಿಸಬೇಕೆಂದೂ ಹೇಳುತ್ತದೆ. ಈ ಹಕ್ಕು ಹಳ್ಳಿಯ ಮನೆಗಳಿಗೆ ತಲುಪಬೇಕಾದರೆ ಹೊಸ ಇಲಾಖೆ ಬೇಕಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುಮಟ್ಟಿಗೆ ಅವರೂ ವಿಕಲಚೇತನರೇ, ನಮ್ಮ ಮನೆಯ ಕಷ್ಟ ಬಲ್ಲವರು. ಅವರನ್ನು ಬರೀ ಸಮೀಕ್ಷೆಗೆ ದುಡಿಸುವುದು ನ್ಯಾಯವಲ್ಲ.

ಆದ್ದರಿಂದ, ಹೆಚ್ಚಿನ ಬೆಂಬಲ ಬೇಕಾದ ಪ್ರತಿಯೊಬ್ಬರಿಗೂ ಮನೆಯವರ ಜೊತೆ ಕೂತು, ಆ ವ್ಯಕ್ತಿಯ ಇಚ್ಛೆಯನ್ನೂ ಕೇಳಿ, ಲಿಖಿತ ಯೋಜನೆ ತಯಾರಿಸಬೇಕು. ಯಾವ ಸೇವೆ, ಯಾರ ಹೊಣೆ, ಎಷ್ಟು ದಿನದೊಳಗೆ ಎಂಬುದು ಅದರಲ್ಲಿರಬೇಕು. ಒಂದು ಪ್ರತಿ ನಮ್ಮ ಕೈಯಲ್ಲಿರಬೇಕು. ಅದರ ಜಾರಿಯನ್ನು ಹಿಂಬಾಲಿಸುವ ಅಧಿಕಾರ, ತರಬೇತಿ, ಪ್ರಯಾಣ ವೆಚ್ಚವನ್ನು ಪುನರ್ವಸತಿ ಕಾರ್ಯಕರ್ತರಿಗೆ ಕೊಡಬೇಕು. ಒಬ್ಬರ ತಲೆಗೆ ಎಷ್ಟು ಕುಟುಂಬವೆಂಬ ಮಿತಿಯೂ ಬೇಕು. ತಾಲ್ಲೂಕಿನಲ್ಲಿ ಆರೋಗ್ಯಾಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಮತ್ತು ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ) ತಿಂಗಳಿಗೊಮ್ಮೆ ಸೇರಿ ಬಾಕಿ ಪ್ರಕರಣಗಳನ್ನು ಇತ್ಯರ್ಥಪಡಿಸಲಿ. ಮಗುವಿನ ವೈದ್ಯಕೀಯ ವಿವರಗಳನ್ನು ನಮ್ಮ ಒಪ್ಪಿಗೆಯಿಲ್ಲದೆ ಹಂಚಬಾರದು.

ಮುಖ್ಯವಾಗಿ, 18 ತುಂಬಿದ ದಿನ ಯೋಜನೆ ಮುಗಿಯಬಾರದು. ಶಾಲೆ ಮುಗಿದ ಮೇಲಿನ ಹಗಲಿನ ವ್ಯವಸ್ಥೆ, ಕಾನೂನುಬದ್ಧ ಪೋಷಕತ್ವ, ನಾವು ಇಲ್ಲವಾದ ಮೇಲಿನ ವಾಸ ಇವೆಲ್ಲ ಅದಕ್ಕೂ ಮೊದಲೇ ಯೋಜನೆಯಲ್ಲಿ ಸೇರಬೇಕು. ಈ ಬಗ್ಗೆ ಸಂಬಂಧಿಸಿದ ಇಲಾಖೆಗಳಿಗೆ ತಾವು ಶಿಫಾರಸು ಮಾಡಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
ವಿಕಲಚೇತನ ಮಕ್ಕಳ ಪೋಷಕರು