ಕೇಕಿಗೆ 300, ಪೀಠಕ್ಕೆ 35



ಕಳೆದ ರಾಜ್ಯೋತ್ಸವದ ಸಂಜೆ ಮಾಂಟ್ ಕಿಯಾರಾದ ಸಭಾಂಗಣದಲ್ಲಿ ನಮ್ಮ ಮೂರಂತಸ್ತಿನ ಕೇಕ್ ಉರುಳಿಬಿದ್ದದ್ದನ್ನು ತಾವು ಕಂಡಿದ್ದೀರಿ. ಅಂದು ಬಾರದಿದ್ದವರು ವಾಟ್ಸಾಪಿನಲ್ಲಿ ಕಂಡಿದ್ದೀರಿ. ನಾಡಗೀತೆ ಮುಗಿದು ಮಕ್ಕಳನ್ನು ಮೇಜಿನ ಬಳಿಗೆ ಕರೆಯುವಷ್ಟರಲ್ಲಿ ಮೇಲಿನ ಎರಡು ತಟ್ಟೆಗಳು ಒಟ್ಟಿಗೆ ಎಡಕ್ಕೆ ವಾಲಿದವು. ಹಳದಿ ಕೆಂಪು ಬಣ್ಣದ ಕೇಕುಗಳು ಜಾರಿ ನೆಲ ಸೇರಿದವು. ತಟ್ಟೆಯ ಸೀಳಿದ ಅಂಚು ಐದು ವರ್ಷದ ಮಗುವೊಂದರ ಕಾಲ ಬಳಿ ಬಿದ್ದಿತು. ಗಾಯವಾಗಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ.

ಅನಂತರ ನಡೆದ ಮಾತುಗಳ ವಿಷಯವಾಗಿ ಈ ಲೇಖನ. "ಕ್ರೀಮು ಹೆಚ್ಚಾಯಿತು" ಎಂದರು ಕೆಲವರು. "ಮನೆಯಲ್ಲಿ ಮಾಡಿದ ಕೇಕು ಎಷ್ಟೆಂದರೂ ಅಷ್ಟೇ, ಬೇಕರಿಯಿಂದಲೇ ತರಿಸಬೇಕಿತ್ತು" ಎಂದರು ಹಲವರು. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ "ಇನ್ನು ಮುಂದೆ ಮನೆಯ ಕೇಕ್ ಬೇಡ" ಎಂಬ ತೀರ್ಮಾನವೂ ಆಯಿತು. ಮೂರು ರಾತ್ರಿ ನಿದ್ದೆಗೆಟ್ಟು, ಬೆಣ್ಣೆ, ಚಾಕೊಲೇಟು, ಕೇಸರಿಗೆಂದು ಸುಮಾರು 300 ರಿಂಗಿಟ್ ಸ್ವಂತ ಹಣ ವ್ಯಯಿಸಿ ಆ ಕೇಕನ್ನು ಸಿದ್ಧಪಡಿಸಿದ ಸೋದರಿಯು ಅಂದಿನಿಂದ ಸಂಘದ ಯಾವ ಕಾರ್ಯಕ್ರಮಕ್ಕೂ ಏನನ್ನೂ ಮಾಡಿ ತಂದಿಲ್ಲ. ಅವರನ್ನು ಯಾರೂ ಎದುರಿಗೆ ಬಯ್ಯಲಿಲ್ಲ, ನಿಜ. ಬೆನ್ನ ಹಿಂದಿನ ಮಾತು ಈ ಊರಿನಲ್ಲಿ ಎಷ್ಟು ಬೇಗ ಮನೆ ತಲಪುತ್ತದೆಂದು ನಮಗೆಲ್ಲ ಗೊತ್ತು.

ಕೇಕಿನ ಪೀಠವನ್ನು, ಎಂದರೆ ಸ್ಟ್ಯಾಂಡನ್ನು, ಯಾರೂ ದೂರಲಿಲ್ಲ. ಅದನ್ನು 35 ರಿಂಗಿಟ್ ಬಾಡಿಗೆಗೆ ತಂದವನು ನಾನು. ನಡುವೆ ಒಂದೇ ಕಂಬ, ಅದಕ್ಕೆ ತಿರುಪಿನಿಂದ ಬಿಗಿಯುವ ಮೂರು ಅಕ್ರಿಲಿಕ್ ತಟ್ಟೆ. ಜೋಡಿಸುವಾಗಲೇ ನಡುವಣ ತಿರುಪು ಸವೆದು ಸುಮ್ಮನೆ ಸುತ್ತುತ್ತಿತ್ತು. ಟೇಪು ಸುತ್ತಿ ಕೂರಿಸಿದೆ. ಯಾರಿಗೂ ಹೇಳಲಿಲ್ಲ.

ಆಪಾದನೆಯನ್ನು ಒಮ್ಮೆ ತಾರ್ಕಿಕವಾಗಿ ನೋಡೋಣ. ಒಂದರ ಮೇಲೊಂದು ನೇರವಾಗಿ ಕೂರಿಸಿದ ಕೇಕಾಗಿದ್ದರೆ ಕೆಳಗಿನದು ಮೆತ್ತಗಾಗಿ ಮೇಲಿನದು ಕುಸಿಯಿತು ಎನ್ನಬಹುದಿತ್ತು. ಅಂದಿನ ಕೇಕಿನಲ್ಲಿ ಪ್ರತಿಯೊಂದು ಅಂತಸ್ತಿಗೂ ಅದರದೇ ತಟ್ಟೆಯಿತ್ತು. ಮೇಲಿನ ಕೇಕಿನ ಒಂದು ಗ್ರಾಂ ಭಾರವೂ ಕೆಳಗಿನ ಕೇಕಿನ ಮೇಲೆ ಇರಲಿಲ್ಲ. ಅಷ್ಟೂ ಭಾರ ಕಂಬದ ಮೇಲಿತ್ತು. ಅಂದಮೇಲೆ ಕ್ರೀಮು ಎಷ್ಟು ಮೆತ್ತಗಿದ್ದರೇನು? ತಟ್ಟೆ ವಾಲಿದ ಮೇಲೆ ಕೇಕು ಜಾರಿತೇ ಹೊರತು ಕೇಕು ಜಾರಿ ತಟ್ಟೆ ವಾಲಲಿಲ್ಲ. ಕೆಳಗಿನ 10 ಇಂಚಿನ ಕೇಕು ಕೊನೆಯವರೆಗೂ ಕದಲದೆ ಇದ್ದ ಜಾಗದಲ್ಲೇ ಇತ್ತು. ಅದನ್ನೇ ಕತ್ತರಿಸಿ ಹಂಚಿದೆವು. ತಿಂದವರೆಲ್ಲ ಚೆನ್ನಾಗಿದೆ ಎಂದೇ ಹೇಳಿದರು!

ನಾವು ಹೊರಿಸುವ ಭಾರವೆಷ್ಟೆಂದು ನಮ್ಮಲ್ಲಿ ಯಾರಾದರೂ ಲೆಕ್ಕ ಹಾಕಿದ್ದುಂಟೇ? ನಾಲ್ಕು ಇಂಚು ಎತ್ತರದ, ಕ್ರೀಮು ತುಂಬಿದ ಸ್ಪಾಂಜ್ ಕೇಕು 6 ಇಂಚು ಅಗಲವಿದ್ದರೆ ಸುಮಾರು ಒಂದು ಕಿಲೋ ತೂಗುತ್ತದೆ, 8 ಇಂಚಿನದು ಎರಡು ಕಿಲೋಗೆ ಸಮೀಪ, 10 ಇಂಚಿನದು ಮೂರು ಕಿಲೋ. ಒಟ್ಟು ಆರು ಕಿಲೋ ಆಯಿತು. ಒಣಹಣ್ಣು ತುಂಬಿದ ಪ್ಲಮ್ ಕೇಕಾದರೆ ಇದರ ಇಮ್ಮಡಿಯಾಗಬಹುದು. ಸಂಜೆಯ ಚಹಾದ ಜೊತೆ ಬಿಸ್ಕತ್ತು, ಸ್ಯಾಂಡ್‌ವಿಚ್ ಜೋಡಿಸಲೆಂದು ಮಾಡಿದ ಮೂರು ತಟ್ಟೆಯ ಬಡಕಲು ಸ್ಟ್ಯಾಂಡಿನ ಮೇಲೆ ನಾವು ಈ ಭಾರವನ್ನು ಹೊರಿಸುತ್ತೇವೆ. ಹೆಸರಿಗೆ ಅದೂ ಕೇಕ್ ಸ್ಟ್ಯಾಂಡೇ, ಚಿತ್ರದಲ್ಲಿ ಅದರ ಮೇಲೆ ಕೇಕೂ ಇರುತ್ತದೆ. ಶೋಪಿ, ಲಾಜಾಡಗಳಲ್ಲಿ ತಡಕಾಡುವ ನಾವು ಬಣ್ಣ ನೋಡುತ್ತೇವೆ, ಬೆಲೆ ನೋಡುತ್ತೇವೆ. ಎಷ್ಟು ಭಾರ ತಾಳುತ್ತದೆಂದು ಬರೆದಿದೆಯೇ ಎಂದು ನೋಡುವುದಿಲ್ಲ.

ಓರೆಯ ವಿಷಯವನ್ನೂ ಹೇಳಲೇಬೇಕು. ಪೀಠ ಒಂದೇ ಒಂದು ಡಿಗ್ರಿ ವಾಲಿದರೂ 24 ಇಂಚು ಎತ್ತರದಲ್ಲಿ ತುದಿಯು ಒಂದು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಕೌಲಾಲಂಪುರದಲ್ಲಿ ವರ್ಷವಿಡೀ ಹಗಲಿನ ತಾಪ 32-33 ಡಿಗ್ರಿ. ಬೆಣ್ಣೆ ಕರಗುವುದೂ ಹೆಚ್ಚುಕಡಿಮೆ ಅಲ್ಲಿಯೇ. ಹೊರಗಿನಿಂದ ತಂದ ಕೇಕಿನ ಅಡಿಯ ಕ್ರೀಮು ಎಣ್ಣೆ ಸವರಿದಂತಾಗಿರುತ್ತದೆ, ವಾಲಿದ ತಟ್ಟೆಯ ಮೇಲೆ ಅದು ನಿಲ್ಲುವುದಾದರೂ ಹೇಗೆ? 1947ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ರಾಜಕುಮಾರಿ ಎಲಿಜಬೆತ್ ಅವರ ಮದುವೆಗೆ ಮಾಡಿದ ಕೇಕು ಒಂಬತ್ತು ಅಡಿ ಎತ್ತರವಿತ್ತು, 500 ಪೌಂಡ್ ತೂಕವಿತ್ತು, ಕಂಬಗಳ ಮೇಲೆ ನಾಲ್ಕು ಅಂತಸ್ತಿನಲ್ಲಿ ನಿಂತಿತ್ತು. ಅಂಥ ಚಿತ್ರಗಳನ್ನು ನೋಡಿ ಆಸೆಪಡುವವರು ಅದು ಕಲ್ಲಿನಂತೆ ಗಟ್ಟಿಯಾಗುವ ಸಕ್ಕರೆ ಲೇಪವಿದ್ದ ಹಣ್ಣಿನ ಕೇಕೆಂಬುದನ್ನೂ, ಲಂಡನ್ನಿನ ನವೆಂಬರ್ ಚಳಿಯೆಂಬುದನ್ನೂ ಮರೆಯಬಾರದು. ನಮ್ಮದು ಮೆತ್ತನೆಯ ಸ್ಪಾಂಜ್, ಊರು ಬಿಸಿ. ಪೀಠವೇ ಗಟ್ಟಿಯಿರಬೇಕಾದದ್ದು ನಮಗೆ.

"ಕನ್ನಡ ರಾಜ್ಯೋತ್ಸವಕ್ಕೆ ಕೇಕ್ ಏಕೆ? ಹೋಳಿಗೆ ಮಾಡಿದ್ದರೆ ಬೀಳುತ್ತಿತ್ತೇ?" ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆಯಲ್ಲಿ ತಮಾಷೆಯೂ ಇದೆ, ಚುಚ್ಚುವಿಕೆಯೂ ಇದೆ. ಹಾಸನ ಜಿಲ್ಲೆಯಿಂದ ಬೆಂಗಳೂರಿಗೆ ಬಂದು ಅಯ್ಯಂಗಾರ್ ಬೇಕರಿ ಕಟ್ಟಿದವರು ಕನ್ನಡ ನಾಡಿನವರೇ ಅಲ್ಲವೇ? ಆ ಬೇಕರಿಯ ಹನಿ ಕೇಕ್ ತಿನ್ನದೆ ಬೆಳೆದ ಬೆಂಗಳೂರಿಗರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಕುಸ್ವಾರ್ ಹಂಚುವಾಗ ಪ್ಲಮ್ ಕೇಕೂ ಇರುತ್ತದೆ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಆರಂಭವಾದ ಕೇಕ್ ಪ್ರದರ್ಶನ ಇಂದಿಗೂ ಡಿಸೆಂಬರ್ ಬಂತೆಂದರೆ ಜನರನ್ನು ಸೆಳೆಯುತ್ತದೆ. ಆಳೆತ್ತರ ಮೀರಿದ ಆ ಸಕ್ಕರೆಯ ಕಟ್ಟಡಗಳು ಒಳಗೆ ಆಧಾರವಿಲ್ಲದೆ ಒಂದು ದಿನವೂ ನಿಲ್ಲಲಾರವು. ಹೋಳಿಗೆ ಇರಲಿ, ಬೇಡವೆಂದವರಾರು. ಆದರೆ ಈ ಪ್ರಶ್ನೆಯನ್ನು ಕೇಕ್ ಬಿದ್ದ ಮೇಲೆ ಎತ್ತುವುದು ಸರಿಯಲ್ಲ.

ನಮ್ಮ ಮನೆಗಳಿಗೆ ಅಂತಸ್ತು ಕಟ್ಟುವ ವಿದ್ಯೆ ಹೊಸದೂ ಅಲ್ಲ. ದಸರೆಯ ಗೊಂಬೆ ಕೂರಿಸುವುದನ್ನು ನೆನೆಯಿರಿ. ನಮ್ಮಜ್ಜಿ ಮೊದಲು ಕಬ್ಬಿಣದ ಟ್ರಂಕುಗಳನ್ನು, ಅವುಗಳ ಮೇಲೆ ಮರದ ಪೆಟ್ಟಿಗೆಗಳನ್ನು, ಹಲಗೆಗಳನ್ನು ಜೋಡಿಸಿ ಐದೋ ಏಳೋ ಮೆಟ್ಟಿಲು ಮಾಡುತ್ತಿದ್ದರು. ಬಿಳಿ ಪಂಚೆ ಹಾಸುವ ಮುನ್ನ ಪ್ರತಿ ಮೆಟ್ಟಿಲನ್ನೂ ಎರಡು ಕೈಯಿಂದ ಅಲುಗಿಸಿ ನೋಡುತ್ತಿದ್ದರು. ಎಲ್ಲಿಯಾದರೂ ಕುಲುಕಿದರೆ ಅಡಿಗೆ ಮಡಿಸಿದ ರಟ್ಟು. ಪಟ್ಟದ ಗೊಂಬೆಗಳು ಪೆಟ್ಟಿಗೆಯಿಂದ ಹೊರಬರುತ್ತಿದ್ದುದು ಇದೆಲ್ಲ ಮುಗಿದ ಮೇಲೆ. ಕೆಳಗೆ ಅಗಲ, ಮೇಲೆ ಕಿರಿದು. ಪ್ರತಿ ಮೆಟ್ಟಿಲಿನ ಭಾರ ನೇರವಾಗಿ ನೆಲಕ್ಕೆ. ನಾವು ತಂದ ಬಾಡಿಗೆಯ ಪೀಠದಲ್ಲಿ ಈ ಎರಡೂ ಇರಲಿಲ್ಲ. ಅಜ್ಜಿಯ ಮೊಮ್ಮಗನಾದ ನಾನೇ ಅಲುಗಿಸಿ ನೋಡಿ, ಅಲುಗುತ್ತದೆಂದು ತಿಳಿದೂ ಟೇಪು ಸುತ್ತಿದೆನೆಂಬುದು ಬೇರೆ ಮಾತು.

ಆದುದರಿಂದ ನನ್ನ ವಾದವಿಷ್ಟೇ: ಸಂಘವು ಬಾಡಿಗೆಯ ಪೀಠಗಳನ್ನು ಇನ್ನು ತರಬಾರದು. ಸಂಘದ ಹಣದಿಂದ ಒಂದೇ ಒಂದು ಗಟ್ಟಿ ಪೀಠವನ್ನು ಮಾಡಿಸಬೇಕು. ಹುಟ್ಟುಹಬ್ಬವಿರಲಿ, ನಾಮಕರಣವಿರಲಿ, ಸದಸ್ಯರ ಮನೆಗಳಿಗೆ ಅದನ್ನೇ ಎರವಲು ಕೊಡಬೇಕು. ಮನೆಯ ಕೇಕ್ ಬೇಡವೆಂಬ ತೀರ್ಮಾನವನ್ನು ಹಿಂತೆಗೆದುಕೊಳ್ಳಬೇಕು.

ಎಂಥ ಪೀಠ? ಒಂದೇ ಕಂಬಕ್ಕೆ ತಟ್ಟೆಗಳನ್ನು ಪೋಣಿಸಿದ್ದು ಬೇಡ. ಒಂದು ಬದಿಯ ಬಾಗಿದ ಕಂಬಿಯಿಂದ ತಟ್ಟೆಗಳು ಚಾಚಿಕೊಂಡಿರುವ ಜಾತಿಯದಂತೂ ಬೇಡವೇ ಬೇಡ. ಭಾರವೆಲ್ಲ ಒಂದು ಕಡೆಗೇ ಎಳೆಯುತ್ತದೆ. ಗಾಜು ನೋಡಲು ಸೊಗಸು, ಮಕ್ಕಳು ಸುತ್ತ ಓಡಾಡುವಲ್ಲಿ ಅದಕ್ಕೆ ಕೆಲಸವಿಲ್ಲ. ತೆಳು ಅಕ್ರಿಲಿಕ್ ತಟ್ಟೆ ಭಾರಕ್ಕೆ ನಡುವೆ ಬಾಗುತ್ತದೆ. ನನ್ನ ಆಯ್ಕೆ ಮರ. ಮಲೇಷ್ಯಾದಲ್ಲಿ ರಬ್ಬರ್ ಮರದ ಪೀಠೋಪಕರಣಕ್ಕೆ ಕೊರತೆಯಿಲ್ಲ, ಜೊಹೋರಿನ ಮುವಾರ್ ಪಟ್ಟಣ ಅದಕ್ಕೇ ಹೆಸರಾಗಿದೆ. ಹೆಬ್ಬೆರಳಿನಷ್ಟು ದಪ್ಪದ ದುಂಡು ಹಲಗೆ, ಅದರಡಿ ಹಲಗೆಯಷ್ಟೇ ಅಗಲದ ಗಟ್ಟಿ ಬುಡ, ಜಾರದಂತೆ ರಬ್ಬರಿನ ಪಾದ. ಎತ್ತರ ಐದು ಇಂಚು ಮೀರಬಾರದು. ಕೇಕಿನಡಿಯ ರಟ್ಟಿಗಿಂತ ಹಲಗೆ ಸುತ್ತಲೂ ಒಂದಿಂಚು ದೊಡ್ಡದಿರಲಿ. ಅಂತಸ್ತುಗಳನ್ನು ಒಂದರ ಮೇಲೊಂದು ನೇರವಾಗಿ ಕೂರಿಸಿ, ಒಳಗೆ ಕಡ್ಡಿಗಳನ್ನು ನೆಟ್ಟು, ಪ್ರತಿ ಅಂತಸ್ತಿನಡಿ ರಟ್ಟು ಕೊಟ್ಟರೆ ಮೇಲಿನ ಭಾರ ಕಡ್ಡಿಗಳ ಮೂಲಕ ಹಲಗೆಗೆ ಇಳಿಯುತ್ತದೆ. ಆ ಕೆಲಸ ನಮ್ಮ ಸೋದರಿಗೆ ಚೆನ್ನಾಗಿ ಗೊತ್ತು. ತಟ್ಟೆ ಮೂರಿರುವ ಸ್ಟ್ಯಾಂಡ್ ಬೇಡವೆಂದು ಅವರು ಮೊದಲೇ ಹೇಳಿದ್ದರು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಂದು ನಾನೇ ಕೇಳಲಿಲ್ಲ.

ಪರೀಕ್ಷೆ ಸುಲಭ. ಎರಡು ದಿನ ಮೊದಲೇ ಪೀಠದ ಮೇಲೆ ಕೇಕಿನ ತೂಕದ ಇಮ್ಮಡಿಯನ್ನು ಇಡಿ. 10 ಕಿಲೋ ಅಕ್ಕಿ ಚೀಲವೊಂದು ಎಲ್ಲರ ಮನೆಯಲ್ಲೂ ಇರುತ್ತದೆ, ಮೇಲೆ ಎರಡು ಲೀಟರ್ ನೀರಿನ ಬಾಟಲಿ ಇಟ್ಟರೆ 12 ಕಿಲೋ. ರಾತ್ರಿಯಿಡೀ ಬಿಡಿ. ಬೆಳಗ್ಗೆ ಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಿ. ಗುಳ್ಳೆ ನಡುವೆ ನಿಲ್ಲಬೇಕು. ಮೇಜನ್ನು ಸೊಂಟದಿಂದ ಒಮ್ಮೆ ತಾಗಿಸಿ, ಯಾರಾದರೂ ತಾಗಿಸಿಯೇ ತಾಗಿಸುತ್ತಾರೆ. ಸಭಾಂಗಣದ ಮಡಿಸುವ ಮೇಜಿನ ಕಾಲುಗಳೂ, ಮೇಲೆ ಹಾಸುವ ನುಣುಪಾದ ಸ್ಯಾಟಿನ್ ಬಟ್ಟೆಯೂ ಪೀಠದಷ್ಟೇ ಅನುಮಾನಕ್ಕೆ ಅರ್ಹ.

ಖರ್ಚಿನ ಆಕ್ಷೇಪ ಬರುತ್ತದೆಂದು ಬಲ್ಲೆ. ಯುಗಾದಿ, ಗಣೇಶ, ರಾಜ್ಯೋತ್ಸವ, ಮಕ್ಕಳ ದಿನ ಎಂದು ವರ್ಷಕ್ಕೆ ನಾಲ್ಕು ಬಾರಿ 35 ರಿಂಗಿಟ್ ಕೊಟ್ಟರೆ 140 ಆಯಿತು. ಮನೆಮನೆಯ ಹುಟ್ಟುಹಬ್ಬದ ಬಾಡಿಗೆ ಇದರಲ್ಲಿ ಸೇರಿಲ್ಲ. ಇಡಲು ಜಾಗವೆಲ್ಲಿ ಎನ್ನುವವರಿಗೆ: ನನ್ನ ಮನೆಯ ಉಗ್ರಾಣದಲ್ಲಿ, ಬ್ಯಾನರುಗಳ ಪಕ್ಕದಲ್ಲಿ. ಎರವಲಿನ ಪುಸ್ತಕವನ್ನೂ ನಾನೇ ಇಡುತ್ತೇನೆ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಠರಾವನ್ನು ಮಂಡಿಸಲಿದ್ದೇನೆ. ಅದಕ್ಕೂ ಮೊದಲು, ಅಂದು ಬಿದ್ದದ್ದು ಕೇಕಲ್ಲ, ನಾನು ಟೇಪು ಸುತ್ತಿದ ಪೀಠ ಎಂಬ ಮಾತು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕೆಂದು ಕೋರುತ್ತೇನೆ. ಆ ಸೋದರಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಅವರು ಚಹಾ ಕೊಟ್ಟರು. ಮುಂದೆ ಕೇಕ್ ಮಾಡುವ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಹಲಗೆಯ ಅಗಲ ಮಾತ್ರ 12 ಇಂಚು ಸಾಲದು, 14 ಇರಲಿ ಎಂದರು. ಬಡಗಿಗೆ 14 ಎಂದೇ ಹೇಳಿದ್ದೇನೆ.