ವಾಳೂಜಿನ ಸುಂಕದಕಟ್ಟೆ

ಬೆಂಗಳೂರಿನವರಿಗೆ ಸುಂಕದಕಟ್ಟೆ ಅಂದರೆ ಮಾಗಡಿ ರಸ್ತೆಯ ಒಂದು ಬಸ್ ಸ್ಟಾಪು. ಹೆಸರು ಉಳಿದಿದೆ, ಕಟ್ಟೆ ಹೋಗಿದೆ. ನಾವಿರುವ ಗಂಗಾಪುರ ತಾಲ್ಲೂಕಿನಲ್ಲಿ ಅದಕ್ಕೆ ಉಲ್ಟಾ. ಹೆಸರು ಯಾರಿಗೂ ಗೊತ್ತಿಲ್ಲ, ಕಟ್ಟೆಗಳು ಮಾತ್ರ ಇವೆ. ವಾಳೂಜ್ ಎಂಐಡಿಸಿಯ ಯಾವುದಾದರೂ ಶೆಡ್ಡಿನ ಒಳಗೆ ಹೋಗಿ ನೋಡಿ. ನಾಲ್ಕು ಗೋಡೆ, ತಗಡಿನ ಮಾಡು, ಮೇಲೆ ಮರಾಠವಾಡಾದ ಬಿಸಿಲು. ಲೈಸೆನ್ಸ್ ಇದ್ದರೆ ಆ ಶೆಡ್ಡಿನಲ್ಲಿರುವ ವಿದೇಶಿ ಮಾಲು ಭಾರತದ ನೆಲದ ಮೇಲಿದ್ದೂ ಸುಂಕದ ಲೆಕ್ಕಕ್ಕೆ ಇನ್ನೂ ಒಳಗೆ ಬಂದಿರುವುದಿಲ್ಲ. ಇಂಪೋರ್ಟ್-ಎಕ್ಸ್‌ಪೋರ್ಟ್ ವಿಭಾಗದಲ್ಲಿ ಇಷ್ಟು ವರ್ಷ ಕಾಗದ ತಿರುವಿದ ನನಗೂ ಈ ಕಲ್ಪನೆ ಈಗಲೂ ವಿಚಿತ್ರವಾಗಿಯೇ ಕಾಣುತ್ತದೆ.

ಈ ಊರಿಗೆ ಸುಂಕ ಹೊಸದೇನಲ್ಲ. ಗಂಗಾಪುರವೂ ನಮ್ಮ ಕಲಬುರಗಿ, ಬೀದರ, ರಾಯಚೂರುಗಳೂ ನಿಜಾಮನ ರಾಜ್ಯದಲ್ಲಿದ್ದವು. ಆ ರಾಜ್ಯಕ್ಕೆ ತನ್ನದೇ ಸುಂಕದ ಇಲಾಖೆ ಇತ್ತು. ಹೆಸರು ಕರೋಡಗಿರಿ. 1802ರಲ್ಲಿ ಕಂಪನಿ ಸರ್ಕಾರದೊಂದಿಗೆ ಆದ ಒಪ್ಪಂದದ ಪ್ರಕಾರ ಗಡಿ ದಾಟುವ ಮಾಲಿನ ಬೆಲೆಯ ಮೇಲೆ ನೂರಕ್ಕೆ ಐದು. ಸೊಲ್ಲಾಪುರ ಬ್ರಿಟಿಷರದ್ದು. ಅಲ್ಲಿಂದ ಬಟ್ಟೆ ಹೊತ್ತು ಕಲಬುರಗಿಗೆ ಬರುವವನು ನಾಕಾದಲ್ಲಿ ಗಂಟು ಬಿಚ್ಚಬೇಕು. ಕಲಬುರಗಿಯಿಂದ ಔರಂಗಾಬಾದಿಗೆ ಎಷ್ಟೇ ದೂರವಿದ್ದರೂ ರಾಜ್ಯದೊಳಗೇ ಹೋದರೆ ಬಿಚ್ಚಬೇಕಿಲ್ಲ. ಸುಂಕದ ಗಡಿಯೇ ಬೇರೆ, ಮನುಷ್ಯರ ಗಡಿಯೇ ಬೇರೆ ಅನ್ನುವುದು ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ಈಗಿನ ವ್ಯತ್ಯಾಸ ಇಷ್ಟೆ: ಆ ಗಡಿಯನ್ನು ಸರ್ಕಾರವೇ ಒಂದು ಕಾರ್ಖಾನೆಯ ಕಾಂಪೌಂಡಿನ ಸುತ್ತ ಎಳೆದು ಕೊಡುತ್ತದೆ.

ನಮ್ಮ ದೇಶ ಇದನ್ನು ಮೊದಲು ಮಾಡಿದ್ದು 1965ರಲ್ಲಿ, ಕಾಂಡ್ಲಾ ಬಂದರಿನಲ್ಲಿ. ಏಷ್ಯಾದಲ್ಲೇ ಮೊದಲ ರಫ್ತು ವಲಯ ಅದು. 1973ಕ್ಕೆ ಮುಂಬೈಯ ಸಾಂತಾಕ್ರೂಜ್. ಆಮೇಲೆ 2005ರ ವಿಶೇಷ ಆರ್ಥಿಕ ವಲಯ ಕಾಯ್ದೆ, ಅಂದರೆ ನಾವು ದಿನವೂ ಕೇಳುವ ಸೆಜ್. ನಮ್ಮ ಊರಿನ ಆಚೆ ಬದಿಗೆ, ಶೇಂದ್ರಾದಲ್ಲಿ, ವೋಕ್‌ಹಾರ್ಟ್‌ನ ಔಷಧ ಸೆಜ್ ಇದೆ. ಊರ ಕಡೆ ಹೋಗುವಾಗ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಗಿಂತ ಮುಂಚೆ ಸಿಗುವ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್‌ನ ಸೆಜ್ ಇದೆ. ಅಲ್ಲಿ ಮಾಡಿದ ಭಾಗ ಏರ್‌ಬಸ್‌ಗೆ ಹೋಗುತ್ತದೆ. ಲೋಹ ಹೊರಗಿನಿಂದ ಬರುತ್ತದೆ, ಭಾಗವಾಗಿ ಹೊರಗೇ ಹೋಗುತ್ತದೆ. ನಡುವೆ ಸುಂಕ ಕೇಳುವುದರಲ್ಲಿ ಅರ್ಥವೇ ಇಲ್ಲ. ಇಂಥ ಉದ್ಯಮಕ್ಕೆ ಸೆಜ್ ಅಳತೆಗೆ ಹೊಲಿದ ಅಂಗಿ.

ತೊಂದರೆ ಶುರುವಾಗುವುದು ಮಾಲನ್ನು ದೇಶದೊಳಗೆ ಮಾರಲು ಹೊರಟಾಗ. ಇದೇ ಈ ಸಲದ ನನ್ನ ವಿಷಯ. ಏಕೆಂದರೆ ‘ವಲಯದಲ್ಲಿ ಡ್ಯೂಟಿ ಇಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಡ್ಯೂಟಿ ಯಾವಾಗ, ಯಾವುದರ ಮೇಲೆ, ಯಾವ ದರದಲ್ಲಿ ತಿರುಗಿ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ.

ನೂರು ರೂಪಾಯಿಯ ಒಂದು ವಸ್ತು ಇಟ್ಟುಕೊಳ್ಳೋಣ. ಅದರಲ್ಲಿ ನಲವತ್ತು ರೂಪಾಯಿಯದು ವಿದೇಶಿ ಮಾಲು. ಉಳಿದ ಅರವತ್ತು ಇಲ್ಲಿನ ಉಕ್ಕು, ಇಲ್ಲಿನ ಕರೆಂಟು, ಇಲ್ಲಿನ ಕೂಲಿ. ಕಚ್ಚಾ ಮಾಲಿಗೆ ಸುಂಕ 7.5%, ಸಿದ್ಧ ವಸ್ತುವಿಗೆ 15% ಎಂದುಕೊಳ್ಳಿ. ಇದನ್ನು ಸೆಜ್ಜಿನಲ್ಲಿ ಮಾಡಿ ದೇಶದೊಳಗೆ ಮಾರಿದರೆ, ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅದು ವಿದೇಶದಿಂದ ಬಂದ ಸಿದ್ಧ ವಸ್ತುವಿದ್ದಂತೆ. ಪೂರ್ತಿ ನೂರರ ಮೇಲೆ 15%, ಅಂದರೆ ಹದಿನೈದು ರೂಪಾಯಿ. ಬೀದರಿನ ಹುಡುಗ ಲೇಥಿನ ಮುಂದೆ ನಿಂತು ದುಡಿದ ಕೂಲಿಯ ಮೇಲೂ ಆಮದು ಸುಂಕ ಬಿತ್ತು ಎಂದಾಯಿತು! ಸೆಜ್‌ಗಳು ದೇಶದ ಮಾರುಕಟ್ಟೆಗೆ ಬೆನ್ನು ಹಾಕಿ ಕೂತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಅಮೆರಿಕದವರು ಇದೇ ಲೆಕ್ಕವನ್ನು ಬೇರೆ ರೀತಿ ಮಾಡಿಕೊಂಡರು. ಅವರ ವಿದೇಶ ವ್ಯಾಪಾರ ವಲಯದ ಕಾಯ್ದೆ 1934ರದು. ಮಹಾ ಕುಸಿತದ ಕಾಲ, ಸುಂಕಗಳು ಆಕಾಶಕ್ಕೆ ಏರಿದ್ದವು. ವಲಯದೊಳಗೆ ತಯಾರಿಕೆಗೆ ಅವಕಾಶ ಸಿಕ್ಕಿದ್ದು 1950ರಲ್ಲಿ. 1980ರಲ್ಲಿ, ಅಲ್ಲಿನ ಕೂಲಿ, ಖರ್ಚು, ಲಾಭ ಸುಂಕದ ಬೆಲೆಗೆ ಸೇರಬಾರದು ಎಂದು ನಿಯಮ ಬದಲಾಯಿತು. ಆಮೇಲೇ ಕಾರು ತಯಾರಕರು ಸಾಲುಗಟ್ಟಿ ಬಂದದ್ದು. ಅಲ್ಲಿ ಕಾರಿನ ಸುಂಕ ಬಹಳ ಕಾಲ 2.5% ಇತ್ತು, ಎಷ್ಟೋ ಬಿಡಿಭಾಗಗಳಿಗೆ ಅದಕ್ಕಿಂತ ಹೆಚ್ಚು. ವಲಯದಲ್ಲಿ ಜೋಡಿಸಿ ಹೊರತಂದರೆ ವಿದೇಶಿ ಭಾಗಗಳ ಬೆಲೆಯ ಮೇಲಷ್ಟೇ, ಅದೂ ಕಾರಿನ ದರದಲ್ಲಿ, ಸುಂಕ ಕಟ್ಟಿದರೆ ಸಾಕು. ನಮ್ಮ ನಲವತ್ತು ರೂಪಾಯಿಗೆ ಬಿಡಿಭಾಗದ ದರ 5% ಇದ್ದರೆ ಎರಡು ರೂಪಾಯಿ, ಕಾರಿನ ದರದಲ್ಲಿ ಒಂದೇ ರೂಪಾಯಿ. ಲಕ್ಷಾಂತರ ಕಾರುಗಳಿಗೆ ಆ ಒಂದು ರೂಪಾಯಿಯನ್ನು ಗುಣಿಸಿ ನೋಡಿ. ದಕ್ಷಿಣ ಕೆರೊಲೈನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಬಿಎಂಡಬ್ಲ್ಯು ಕಾರ್ಖಾನೆ ಇಂಥ ವಲಯವಾಗಿಯೇ ನಡೆಯುತ್ತದೆ.

ನಮ್ಮಲ್ಲಿ ದರಗಳ ಏಣಿ ಹೆಚ್ಚಾಗಿ ತಿರುವುಮುರುವು. ಬಿಡಿಭಾಗ ಅಗ್ಗ, ಪೂರ್ತಿ ಕಾರು ದುಬಾರಿ. ಹಾಗಾಗಿ ಅಮೆರಿಕದ ಜಾಣತನ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಬೇಕಾದದ್ದು ಬೇರೆ ಬಾಗಿಲು, ಅದು ಕಸ್ಟಮ್ಸ್ ಕಾಯ್ದೆಯಲ್ಲೇ 1962ರಿಂದ ಮಲಗಿತ್ತು: 65ನೇ ಸೆಕ್ಷನ್, ಬಾಂಡೆಡ್ ಗೋದಾಮಿನಲ್ಲೇ ತಯಾರಿಕೆ. 2019ರ ಅಕ್ಟೋಬರಿನಲ್ಲಿ ಹೊಸ ನಿಯಮ ಮಾಡಿ ಅದನ್ನು ಎಬ್ಬಿಸಿದರು. ಇಂಗ್ಲಿಷಿನ ಉದ್ದ ಹೆಸರಿನ ಮೊದಲಕ್ಷರ ಕೂಡಿಸಿ ಕಸ್ಟಮ್ಸ್ ಮಂದಿ ಅದನ್ನು ‘ಮೂವರ್’ ಅನ್ನುತ್ತಾರೆ. ಯಾವ ಮೂವರು ಎಂದು ಕನ್ನಡದವರು ಕೇಳಿದರೆ ಅವರಿಗೆ ತಿಳಿಯುವುದಿಲ್ಲ. ಸೆಜ್‌ಗೆ ಬೇಕಾದ ನೂರಾರು ಎಕರೆ ಇದಕ್ಕೆ ಬೇಡ, ರೈತನ ಹೊಲವೂ ಬೇಡ. ನಂದಿಗ್ರಾಮ, ರಾಯಗಡ, ನಮ್ಮ ಮಂಗಳೂರಿನ ಕಳವಾರು, ಬಜ್ಪೆಗಳ ಕಥೆ ನೋಡಿದವರಿಗೆ ಇದು ಸಣ್ಣ ಮಾತಲ್ಲ. ಇರುವ ಕಾರ್ಖಾನೆಗೇ ಲೈಸೆನ್ಸ್ ಕೊಡುತ್ತಾರೆ. ಇಷ್ಟು ರಫ್ತು ಮಾಡಲೇಬೇಕು ಎಂಬ ಷರತ್ತಿಲ್ಲ. ರಫ್ತು ಮಾಡಿದರೆ ಒಳಗೆ ಸೇರಿದ ವಿದೇಶಿ ಮಾಲಿನ ಸುಂಕ ಹೋಯಿತು. ದೇಶದೊಳಗೆ ಮಾರಿದರೆ ಆ ನಲವತ್ತು ರೂಪಾಯಿಯ ಮೇಲೆ ಮಾತ್ರ, ಕಚ್ಚಾ ಮಾಲಿನ ದರದಲ್ಲೇ, ಮೂರು ರೂಪಾಯಿ. ಸೆಜ್ಜಿನ ಹದಿನೈದೆಲ್ಲಿ, ಈ ಮೂರೆಲ್ಲಿ! ಅಲ್ಲಿಯವರೆಗೆ ಬಡ್ಡಿಯೂ ಇಲ್ಲ.

ಕೇಳಲು ಬಹಳ ಚೆನ್ನಾಗಿದೆ. ಭಾಲ್ಕಿ ಕಡೆಯ ನನ್ನ ಗೆಳೆಯನಿಗೂ ಹಾಗೇ ಕೇಳಿಸಿತು. ವಾಳೂಜಿನಲ್ಲಿ ಹದಿನಾಲ್ಕು ಆಳಿನ ಮಶೀನ್ ಶಾಪ್ ಇಟ್ಟಿರುವವನು. ದೊಡ್ಡ ಕಂಪನಿಗಳಿಗೆ ಬುಷ್, ಶಾಫ್ಟ್ ಮಾಡಿಕೊಡುತ್ತಾನೆ, ಈಚೆಗೆ ಸ್ವಲ್ಪ ಜರ್ಮನಿಗೂ ಕಳಿಸುತ್ತಾನೆ. ತೈವಾನಿನಿಂದ ಒಂದು ಕೋಟಿಯ ಸಿಎನ್‌ಸಿ ತರಿಸಲು ಹೊರಟಿದ್ದಾನೆ.

‘ಅಣ್ಣಾ, ಬಾಂಡ್ ಮಾಡಿಸಿದ್ರ ಡ್ಯೂಟಿನೇ ಇಲ್ಲಂತಲ್ಲ. ಸಿಎಚ್‌ಎ ಹೇಳ್ಯಾನ. ಖರೇನಾ?’

‘ಇಲ್ಲ ಅಂತಲ್ಲೋ ತಮ್ಮಾ. ಈಗ ಇಲ್ಲ ಅಂತ.’

ಅವನ ಜೊತೆ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ, ಇಂಥ ಮಶೀನ್ ಶಾಪ್ ಇಟ್ಟ ನಮ್ಮವರು ಪುಣೆಯಲ್ಲೂ ನಾಶಿಕದಲ್ಲೂ ಇದ್ದಾರೆ. ಒಂದು ಕೋಟಿಯ ಯಂತ್ರ. ಮೂಲ ಸುಂಕ 7.5%, ಅದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ 10%, ಕೂಡಿ 8.25 ಲಕ್ಷ. ಅದೂ ಸೇರಿದ ಮೊತ್ತದ ಮೇಲೆ 18% ಐಜಿಎಸ್‌ಟಿ, ಸುಮಾರು 19.5 ಲಕ್ಷ. ಬಂದರಿನಲ್ಲೇ ಕಟ್ಟಬೇಕಾದದ್ದು ಒಟ್ಟು 27.7 ಲಕ್ಷ. ಐಜಿಎಸ್‌ಟಿ ಮುಂದೆ ಕ್ರೆಡಿಟ್ ಆಗಿ ತಿರುಗಿ ಬರುತ್ತದೆ, ನಿಜ. ಆದರೆ ಬರುವವರೆಗೆ ಅದು ಸಾಲದ ದುಡ್ಡು. 11% ಬಡ್ಡಿಯಂತೆ ವರ್ಷಕ್ಕೆ ಮೂರು ಲಕ್ಷ. ಮೂವರ್‌ನಲ್ಲಿ ಯಂತ್ರ ಶೆಡ್ಡಿನೊಳಗೆ ತಿರುಗುತ್ತಿರುವಷ್ಟು ಕಾಲವೂ ಈ 27.7 ಲಕ್ಷವನ್ನು ಯಾರೂ ಕೇಳುವುದಿಲ್ಲ.

ಇನ್ನು ಆಚೆ ಮಗ್ಗುಲು. ಸುಂಕದ ಮೂರು ಪಟ್ಟಿಗೆ ಬಾಂಡ್ ಬರೆದುಕೊಡಬೇಕು, ಇಲ್ಲಿ ಅದು 83 ಲಕ್ಷ. ಕಸ್ಟಮ್ಸ್ ಕೆಲಸ ಬಲ್ಲ ಒಬ್ಬನನ್ನು ವೇರ್‌ಹೌಸ್ ಕೀಪರ್ ಎಂದು ಇಡಬೇಕು. ಬಂದ ಮಾಲು, ಬಳಸಿದ್ದು, ಹೊರಹೋದದ್ದು ಎಲ್ಲ ಕಂಪ್ಯೂಟರ್ ಲೆಕ್ಕ, ತಿಂಗಳು ತಿಂಗಳು ರಿಟರ್ನ್. ರಫ್ತು ಮಾಡಿದರೂ ಉಳಿದ ಸ್ಕ್ರ್ಯಾಪನ್ನು ಹೊರಗೆ ಮಾರುವಾಗ ಅದರ ಮೇಲೆ ಸುಂಕ ಕಟ್ಟಬೇಕು. ಶಾಫ್ಟ್ ಕೊರೆಯುವವನಿಗೆ ಚೂರು ಎಷ್ಟು ಬೀಳುತ್ತದೆ ಎಂದು ಗೊತ್ತೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ವರ್ಷ ಉಜ್ಜಿದ ಯಂತ್ರವನ್ನು ಇನ್ನೊಬ್ಬರಿಗೆ ಮಾರುವ ದಿನ ತಂದ ದಿನದ ಬೆಲೆಯ ಮೇಲೆಯೇ ಸುಂಕ. ಸವಕಳಿ ಲೆಕ್ಕಕ್ಕಿಲ್ಲ. ಇಪ್ಪತ್ತು ಲಕ್ಷಕ್ಕೆ ಹೋಗುವ ಹಳೇ ಯಂತ್ರಕ್ಕೆ 27.7 ಲಕ್ಷದ ಚಲನ್! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಪ್ರಯೋಜನ ಎಂದು ಗಾದೆ ಸುಮ್ಮನೆ ಹುಟ್ಟಿಲ್ಲ. ಯಂತ್ರವನ್ನು ವಿದೇಶಕ್ಕೇ ಮಾರಿದರೆ ಸುಂಕವಿಲ್ಲ, ಆದರೆ ಹಳೆ ಸಿಎನ್‌ಸಿ ಕೊಳ್ಳುವವನು ಚಾಕಣದಲ್ಲಿ ಸಿಗುತ್ತಾನೆಯೇ ಹೊರತು ಜರ್ಮನಿಯಲ್ಲಿ ಸಿಗುವುದಿಲ್ಲ.

ಅಂದರೆ ಈ ಬಾಗಿಲು ದೊಡ್ಡವರಿಗೆ ಅಗಲ, ಸಣ್ಣವರಿಗೆ ಇಕ್ಕಟ್ಟು. ಅವರಿಗೆ ವೇರ್‌ಹೌಸ್ ಕೀಪರನ ಸಂಬಳ ಚಹಾದ ಖರ್ಚು. ಹದಿನಾಲ್ಕು ಆಳಿನ ಶಾಪಿನಲ್ಲಿ ಅದು ಹದಿನೈದನೇ ಆಳು, ಅದೂ ಯಂತ್ರ ಮುಟ್ಟದ ಆಳು. ನನ್ನ ಕೇಳಿದರೆ, ತಯಾರಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಕ್ಕೆ ಹೋಗದಿದ್ದರೆ ಸಣ್ಣ ಕಾರ್ಖಾನೆಯವರು ಇದರ ಸುದ್ದಿಗೆ ಹೋಗಬಾರದು. ಜಪಾನ್, ಕೊರಿಯಾಗಳ ಜೊತೆ ನಮಗೆ ವ್ಯಾಪಾರ ಒಪ್ಪಂದ ಇದೆ. ಅಲ್ಲಿಯ ಎಷ್ಟೋ ಯಂತ್ರಗಳಿಗೆ, ಮೂಲ ದೇಶದ ಸರ್ಟಿಫಿಕೇಟ್ ಸರಿಯಿದ್ದರೆ, ಮೂಲ ಸುಂಕವೇ ಬೀಳುವುದಿಲ್ಲ. ತೈವಾನಿನ ಜೊತೆ ಅಂಥ ಒಪ್ಪಂದವಿಲ್ಲ. ಆರ್ಡರ್ ಹಾಕುವ ಮುಂಚೆ ಈ ಒಂದು ಲೆಕ್ಕ ಹಾಕಿದರೆ ಬಾಂಡಿನ ಮಾತೇ ಬೇಡವಾಗಬಹುದು. ಗೆಳೆಯನಿಗೂ ಇದನ್ನೇ ಹೇಳಿದೆ. ಕೊರಿಯಾದ ಕೊಟೇಶನ್ ತರಿಸುತ್ತಿದ್ದಾನೆ.

‘ಬಿಡಿಭಾಗ ಅಗ್ಗ, ಕಾರು ದುಬಾರಿ’ ಎಂದೆನಲ್ಲ, ಆ ಏಣಿಯ ಮೇಲೆ ನಮ್ಮ ಊರಿನಲ್ಲೇ ಎಂಥ ಜಗಳ ನಡೆದಿದೆ ನೋಡಿ. 2001ರಿಂದ ಶೇಂದ್ರಾದಲ್ಲಿ ಸ್ಕೋಡಾ ಕಾರ್ಖಾನೆ ಇದೆ. ಸುಪರ್ಬ್, ಕೊಡಿಯಾಕ್, ಆಡಿಯ ಕೆಲವು ಮಾದರಿಗಳು, ಫೋಕ್ಸ್‌ವ್ಯಾಗನ್ ಟಿಗ್ವಾನ್ ಇಲ್ಲಿ ಜೋಡಣೆಯಾದವು. 2024ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆ ಕಂಪನಿಗೆ 140 ಕೋಟಿ ಡಾಲರಿನ ನೋಟಿಸ್ ಕೊಟ್ಟಿತು. ಇಲಾಖೆಯ ಆರೋಪ: ತಂದದ್ದು ಬಿಚ್ಚಿಟ್ಟ ಕಾರು, ಅದಕ್ಕೆ 30ರಿಂದ 35% ಸುಂಕ ಬೀಳಬೇಕು, ಬೇರೆ ಬೇರೆ ಸಾಗಣೆಯಲ್ಲಿ ತರಿಸಿ ಬಿಡಿಭಾಗ ಎಂದು ತೋರಿಸಿ 5ರಿಂದ 15% ಕಟ್ಟಿದ್ದೀರಿ. ಕಂಪನಿ ಆರೋಪ ಒಪ್ಪದೆ ಬಾಂಬೆ ಹೈಕೋರ್ಟಿಗೆ ಹೋಯಿತು, 2025ರಲ್ಲಿ ಅಲ್ಲಿ ವಾದ ನಡೆಯಿತು. ಯಾರದು ಸರಿ ಎಂದು ಹೇಳುವ ಕೆಲಸ ನನ್ನದಲ್ಲ. ಆದರೆ ಒಂದು ಕಾರು ಎಷ್ಟು ಪೆಟ್ಟಿಗೆಗಳಲ್ಲಿ ಬಂದರೆ ಕಾರು, ಎಷ್ಟರಲ್ಲಿ ಬಂದರೆ ಬಿಡಿಭಾಗ ಎಂಬ ಪ್ರಶ್ನೆಗೆ ಇಷ್ಟು ದೊಡ್ಡ ಬೆಲೆ ಬರುತ್ತದೆ ಎಂದರೆ, ತಪ್ಪು ಯಾರದೇ ಇರಲಿ, ಆ ದರದ ಏಣಿಯಲ್ಲೂ ಏನೋ ಇದೆ. ಈ ಸುದ್ದಿ ಬಂದಾಗ ಶೇಂದ್ರಾದಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಕೇಳಿದ್ದು ಸೆಕ್ಷನ್ನಿನ ಬಗ್ಗೆ ಅಲ್ಲ, ಲೈನ್ ನಡೆಯುತ್ತದೋ ಇಲ್ಲವೋ ಎಂದು.

ಬಾಗಿಲು ತೆರೆದ ಸರ್ಕಾರವೇ ಅದನ್ನು ಮುಚ್ಚಲೂಬಹುದು. ಸೌರ ವಿದ್ಯುತ್ ಘಟಕದವರು ಮೂವರ್‌ನಲ್ಲಿ ಸೋಲಾರ್ ಪ್ಯಾನೆಲ್ ತರಿಸಿಕೊಂಡು, ನಾವು ತಯಾರಿಸುವ ಮಾಲು ಕರೆಂಟು ಎಂದರು. ಕರೆಂಟಿನೊಳಗೆ ಪ್ಯಾನೆಲ್ ಹೊರಗೆ ಹೋಗುವುದಿಲ್ಲವಲ್ಲ, ಹಾಗಾಗಿ ಸುಂಕ ಕಟ್ಟುವ ದಿನವೇ ಹತ್ತಿರ ಬರುವುದಿಲ್ಲ. 2022ರಲ್ಲಿ ಇಲಾಖೆ ಇದನ್ನು ತಡೆಯಲು ಸೂಚನೆ ಹೊರಡಿಸಿತು. 2024ರ ಮೇನಲ್ಲಿ ದೆಹಲಿ ಹೈಕೋರ್ಟು ಆ ಸೂಚನೆಯನ್ನು ತಳ್ಳಿಹಾಕಿತು. ಅದೇ ವರ್ಷದ ಬಜೆಟ್ಟಿನಲ್ಲಿ 65ನೇ ಸೆಕ್ಷನ್ನಿಗೇ ತಿದ್ದುಪಡಿ ಬಂತು: ಯಾವ ತಯಾರಿಕೆಗೆ ಈ ಸೌಲಭ್ಯ ಬೇಡ ಎಂದು ಸರ್ಕಾರ ಇನ್ನು ಮುಂದೆ ಹೆಸರಿಸಬಹುದು. ಅಮೆರಿಕದಲ್ಲೂ ಹೀಗೇ ಆಯಿತು. 2025ರಲ್ಲಿ ಟ್ರಂಪ್ ಹಾಕಿದ ಹೊಸ ಸುಂಕಗಳ ಆದೇಶಗಳಲ್ಲಿ, ಮಾಲು ವಲಯ ಹೊಕ್ಕ ದಿನದ ದರವೇ ಅದಕ್ಕೆ ಗಟ್ಟಿ ಎಂದು ಬರೆದರು. ಒಳಗೆ ಅದು ಕಾರಾಗಲಿ, ಕುರ್ಚಿಯಾಗಲಿ, ಆ ಸುಂಕ ಬಿಡುವುದಿಲ್ಲ. ಹೊರದೇಶಕ್ಕೆ ಕಳಿಸುವವರಿಗೂ ಸುಂಕವನ್ನು ಮುಂದೂಡಬೇಕಾದವರಿಗೂ ವಲಯ ಇನ್ನೂ ಉಪಯೋಗಕ್ಕಿದೆ. ದರ ಆಯ್ದುಕೊಳ್ಳುವ ಆಟ ಆ ಸುಂಕಗಳ ಮಟ್ಟಿಗೆ ನಿಂತಿತು.

ಬಾಂಡಿನ ಗೊಡವೆ ಬೇಡ, ಸ್ವಲ್ಪ ರಫ್ತಿದೆ, ಯಂತ್ರದ ಸುಂಕ ಮಾತ್ರ ಉಳಿಯಬೇಕು ಅನ್ನುವವರಿಗೆ ಇಪಿಸಿಜಿ ಎಂಬ ಇನ್ನೊಂದು ದಾರಿ ಇದೆ. ಉಳಿಸಿದ ಸುಂಕದ ಆರು ಪಟ್ಟು ರಫ್ತನ್ನು ಆರು ವರ್ಷದಲ್ಲಿ ಮಾಡಿ ತೋರಿಸಬೇಕು. ಅದರ ಲೆಕ್ಕವನ್ನು ಮುಂದಿನ ತಿಂಗಳು ಬಿಡಿಸುತ್ತೇನೆ. ಯಾರಾದರೂ ಲೈಸೆನ್ಸ್ ತೆಗೆದುಕೊಂಡು ಆರು ವರ್ಷ ಮುಗಿಸಿದವರಿದ್ದರೆ, ಹೆಸರು ಹಾಕುವುದಿಲ್ಲ, ಅನುಭವ ಬರೆದು ಕಳಿಸಿ.