ನೌಕರಿಗೆ ರಾಜೀನಾಮೆ ಬರೆಯುವ ಮುನ್ನ



ಮದುವೆಯಾಗದೆ ಒಟ್ಟಿಗೆ ಬಾಳುವ ಜೋಡಿಗಳ ವಿಷಯ ಎತ್ತಿದರೆ ನಿಮ್ಮಲ್ಲಿ ಕೆಲವರು ಪುಟ ತಿರುವಿಬಿಡುತ್ತೀರಿ ಅಂತ ನನಗೆ ಗೊತ್ತು. ಸರಿಯೋ ತಪ್ಪೋ ಅನ್ನೋ ಚರ್ಚೆ ಇವತ್ತು ಬೇಡ. ನಾನು ಹೇಳಹೊರಟಿರುವುದು ಸಂಬಳದ ಮಾತು. ನಿಮ್ಮ ತಂಗಿಯೋ, ಅಕ್ಕನ ಮಗಳೋ ಹೀಗೆ ಮನೆ ಹೂಡಿದ್ದರೆ, ಬೈಯುವುದನ್ನು ಆಮೇಲೆ ಬೈಯಿರಿ, ಮೊದಲು ಈ ಪುಟವನ್ನು ಅವಳ ಕೈಗೆ ಕೊಡಿ.

ಬೆಂಗಳೂರಿನದೇ ಒಂದು ಮೊಕದ್ದಮೆ ಕೇಳಿ. ಇಬ್ಬರೂ ಒಂದೇ ಖಾಸಗಿ ಕಂಪನಿಯ ನೌಕರರು. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು, ಇವಳು ಅವಿವಾಹಿತೆ. 1992ರಲ್ಲಿ ಇವಳು ಕೆಲಸ ಬಿಟ್ಟು ಅವನ ಜೊತೆ ಸಂಸಾರ ಹೂಡಿದಳು. ಅವಳ ಹೆಸರಿನಲ್ಲೇ ಒಂದು ವ್ಯಾಪಾರವೂ ಶುರುವಾಯಿತು. ಕೆಲ ಕಾಲದ ಮೇಲೆ ಅವನು ಅದನ್ನು ತನ್ನ ಮನೆಗೆ ಸಾಗಿಸಿ ಮಗನ ಜೊತೆ ನಡೆಸತೊಡಗಿದ, ತನ್ನ ದುಡಿಮೆಯ ದಾರಿ ಮುಚ್ಚಿತು ಎಂಬುದು ಅವಳ ದೂರು. ವರ್ಷಗಳ ನಂತರ ಅವನು ಬಿಟ್ಟುಹೋದಾಗ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಕೊಡಬೇಕೆಂದರು. ಸೆಷನ್ಸ್ ಕೋರ್ಟೂ ಒಪ್ಪಿತು. ಹೈಕೋರ್ಟು ಅದನ್ನು ರದ್ದುಮಾಡಿತು. 2013ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಅವನಿಗೆ ಮದುವೆಯಾಗಿದೆ ಎಂದು ಗೊತ್ತಿದ್ದೇ ಬಂದವಳಾದ್ದರಿಂದ ಇದು ‘ಮದುವೆಯಂಥ ಸಂಬಂಧ’ವಲ್ಲ ಎಂದಿತು. ಇಂಥ ಹೆಂಗಸರಿಗಾಗಿ ಸಂಸತ್ತು ಕಾನೂನು ಮಾಡಬೇಕು ಅಂತಲೂ ಹೇಳಿತು, ನಿಜ. ಆದರೆ ಬಿಟ್ಟ ನೌಕರಿ ತಿರುಗಿ ಬರುತ್ತದೆಯೆ?

‘ನಮ್ಮವನಿಗೆ ಮದುವೆಯಾಗಿಲ್ಲವಲ್ಲ’ ಅಂತೀರಾ? ಹಾಗಾದರೆ ನಿಮಗೆ ದಾರಿ ಉಂಟು, ಅದು ಕಿರಿದು. 2005ರ ಕೌಟುಂಬಿಕ ಹಿಂಸೆ ಕಾಯಿದೆ ಇಂಥ ಸಂಬಂಧವನ್ನೂ ಒಳಗೊಳ್ಳುತ್ತದೆ. 2010ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಷರತ್ತು ಹಾಕಿತು: ಇಬ್ಬರೂ ಮದುವೆಯ ವಯಸ್ಸಿನವರು, ಮದುವೆಯಾಗಲು ಅಡ್ಡಿಯಿಲ್ಲದವರು ಆಗಿರಬೇಕು, ಸಾಕಷ್ಟು ಕಾಲ ಒಟ್ಟಿಗಿದ್ದು ನಾಲ್ಕು ಜನರ ಮುಂದೆ ಗಂಡ-ಹೆಂಡಿರಂತೆ ನಡೆದುಕೊಂಡಿರಬೇಕು. ಹಿಂಸೆಯಾಗಿದ್ದರೆ ಜೀವನಾಂಶ, ಇರಲು ಸೂರು ಕೇಳಬಹುದು. ಅವನು ಕೂಡಿಟ್ಟ ಆಸ್ತಿಯಲ್ಲಿ ಪಾಲು? ಇಲ್ಲ. ಉಯಿಲು ಬರೆಯದೆ ಅವನು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ವಾರಸುದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. (ತಾಳಿ ಕಟ್ಟಿಸಿಕೊಂಡವರೂ ಬೀಗಬೇಡಿ. ಗಂಡ ಬದುಕಿರುವಾಗ ಅವನ ಗಳಿಕೆಯಲ್ಲಿ ಅರ್ಧ ನನ್ನದು ಅನ್ನುವ ಹಕ್ಕು ಗೋವಾ ಬಿಟ್ಟರೆ ನಮ್ಮಲ್ಲಿ ಹೆಂಡತಿಗೂ ಇಲ್ಲ.)

ಆಸ್ಟ್ರೇಲಿಯಾದ ಲೆಕ್ಕ ಬೇರೆ. 2009ರ ಮಾರ್ಚಿನಿಂದ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ, ಎರಡು ವರ್ಷ ಒಟ್ಟಿಗಿದ್ದ ಅಥವಾ ಮಗುವಾದ ಜೋಡಿ ಬೇರೆಯಾದರೆ, ಮದುವೆಯಾದವರಂತೆಯೇ ಆಸ್ತಿ ಹಂಚಲು ಕೋರ್ಟಿಗೆ ಅಧಿಕಾರವುಂಟು. ಆಗ ಅಡಿಗೆ ಮಾಡಿದ್ದು, ಮಗು ಸಾಕಿದ್ದು ಕೂಡ ದುಡಿಮೆಯ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಅಲ್ಲಿನವಳು ನಾಲ್ಕು ವರ್ಷ ಮನೆಯಲ್ಲಿದ್ದರೆ ಅಷ್ಟು ವರ್ಷದ ಬೆಲೆ ಪೂರ್ತಿ ಮುಳುಗುವುದಿಲ್ಲ. ನಮ್ಮಲ್ಲಿ ಮುಳುಗುತ್ತದೆ, ಅದೂ ಒಬ್ಬಳದೇ.

ಹಾಗಾಗಿ ನನ್ನ ಸಲಹೆ ಒರಟಾಗಿಯೇ ಇದೆ: ಆದಷ್ಟು ಮಟ್ಟಿಗೆ ಕೆಲಸ ಬಿಡಬೇಡಿ. ಅವನಿಗೆ ಬೇರೆ ಊರಿಗೆ ವರ್ಗವಾಯಿತು, ಮಗು ಸಣ್ಣದು, ಬಿಡಲೇಬೇಕು ಅಂತಾದರೆ ಮೊದಲು ಮಾತಾಡಿಕೊಳ್ಳಿ. ತಿಂಗಳಾ ಇಷ್ಟು ಅಂತ ನಿಮ್ಮೊಬ್ಬರ ಹೆಸರಿನ ಖಾತೆಗೆ ಅವನ ಸಂಬಳದಿಂದ ಬೀಳಲಿ. ಕೈಗೆ ಕೊಟ್ಟ ಮನೆಖರ್ಚು ಅದರಲ್ಲಿ ಸೇರಬಾರದು. ಫ್ಲ್ಯಾಟಿನ ಕಂತಿಗೆ ನೀವೂ ದುಡ್ಡು ಹಾಕುವುದಾದರೆ ಬ್ಯಾಂಕಿನ ಮೂಲಕವೇ ಹಾಕಿ, ಚೀಟಿಗಳನ್ನು ಎತ್ತಿಡಿ. ‘ಇಷ್ಟೂ ನಂಬಿಕೆ ಇಲ್ವಾ?’ ಅಂತ ಅವನು ಕೇಳಬಹುದು. ಕೇಳಲಿ ಬಿಡಿ. ನಂಬಿಕೆ ಇರುವವನಿಗೆ ಸಹಿ ಹಾಕುವುದು ಕಷ್ಟವಾಗದು.

ಕ್ರಯಪತ್ರದಲ್ಲಿ ಇಬ್ಬರ ಹೆಸರನ್ನೂ ಹಾಕಿಸುವಾಗ ಯಾರ ಪಾಲು ಎಷ್ಟು ಎಂದು ಬರೆಸುವ ವಿಷಯ ಮುಂದಿನ ಸಂಚಿಕೆಗೆ.